ಗುಲಾಬಕ್ಕನ ಕಡೆಗೆ ತಿರುಗುವ ಮುಳ್ಳು

ನಮ್ಮ ಊರಿನ ಸಮುದ್ರದಲ್ಲಿ ಕಂಪಾಸಿನ ಮುಳ್ಳು ಉತ್ತರಕ್ಕೆ ನಿಲ್ಲುವುದಿಲ್ಲ, ಗುಲಾಬಕ್ಕನ ಕಡೆಗೆ ನಿಲ್ಲುತ್ತದೆ. ಅವಳು ಅಡುಗೆಮನೆಯಲ್ಲಿದ್ದರೆ ಅಡುಗೆಮನೆಗೆ, ಬಾವಿಕಟ್ಟೆಗೆ ಹೋದರೆ ಬಾವಿಕಟ್ಟೆಗೆ. ಹೊರಗಿನವರಿಗೆ ಇದನ್ನು ಹೇಳಿದರೆ ಕುಡಿದು ಬಂದಿದ್ದೀಯಾ ಎಂದು ನಮ್ಮ ಬಾಯಿಯ ಹತ್ತಿರ ಮೂಗು ತಂದು ಮೂಸುತ್ತಾರೆ. ಮೂಸಲಿ. ನಾನು ಮೀಸೆ ಮೂಡುವ ಮೊದಲೇ ದೋಣಿ ಹತ್ತಿದವನು, ಮೀಸೆ ಬೆಳ್ಳಗಾದ ಮೇಲೂ ಇಳಿಯದವನು. ಬೋಟಿನ ತಾಂಡೇಲ ನಾನು. ಅಂದರೆ ಚುಕ್ಕಾಣಿ ಹಿಡಿಯುವವನೂ ನಾನೇ, ಮೀನು ಸಿಗದ ದಿನ ಬೈಸಿಕೊಳ್ಳುವವನೂ ನಾನೇ. ಇಷ್ಟು ವರ್ಷವೂ ಮನೆ ಮುಟ್ಟಿದ್ದು ಆ ಹೆಂಗಸು ಎಲ್ಲಿ ಕೂತಿದ್ದಾಳೆ ಎಂದು ನೋಡಿಕೊಂಡೇ. ಹಾಗಾಗಿ ಅವಳ ಕಥೆ ಹೇಳುವ ಹಕ್ಕು ನನಗೆ ಬೇರೆಯವರಿಗಿಂತ ಒಂದು ಹಿಡಿ ಹೆಚ್ಚೇ ಇದೆ.

ಮುಳ್ಳು ಬರುವ ಮೊದಲು ನಮ್ಮ ಹಿರಿಯರು ನಕ್ಷತ್ರ ನೋಡಿ, ಗುಡ್ಡದ ತಲೆ ನೋಡಿ, ನೀರಿನ ಬಣ್ಣ ನೋಡಿ, ಇವು ಯಾವುವೂ ಕಾಣದ ದಿನ ದೇವರನ್ನು ನೆನೆದು ಬರುತ್ತಿದ್ದರಂತೆ. ಆಗಿನ ದೋಣಿಯೆಂದರೆ ಒಂದೇ ಮರ ಕೊರೆದು ಮಾಡಿದ್ದು. ಯಾವುದೋ ಕಾಲದಲ್ಲಿ ದೂರದೇಶದ ಹಡಗೊಂದು ಸಿಹಿನೀರಿಗೆಂದು ಇಲ್ಲಿ ಲಂಗರು ಹಾಕಿತು. ಅದರ ಕಪ್ತಾನ ನೀರು, ಎಳನೀರುಗಳಿಗೆ ಬದಲಾಗಿ ಒಂದು ಕಂಪಾಸು ಕೊಟ್ಟ. ಇದು ಉತ್ತರವನ್ನು ತೋರಿಸುತ್ತದೆ ಎಂದು ಅವನು, ಇಲ್ಲ ಸ್ವಾಮಿ, ಇದು ಅಲ್ಲಿ ಅಕ್ಕಿ ಕುಟ್ಟುತ್ತಿರುವ ನಮ್ಮ ಚಿಕ್ಕಮ್ಮನನ್ನು ತೋರಿಸುತ್ತಿದೆ ಎಂದು ನಮ್ಮವರು. ಕಪ್ತಾನ ಹಡಗಿನಿಂದ ತನ್ನದೇ ಕಂಪಾಸು ತರಿಸಿದ. ಅದೂ ಚಿಕ್ಕಮ್ಮನನ್ನೇ ತೋರಿಸಿತು. ಚಿಕ್ಕಮ್ಮ ಒನಕೆ ಹಿಡಿದು ಅತ್ತಿತ್ತ ನಡೆದರೆ ಎರಡು ಮುಳ್ಳುಗಳೂ ಅತ್ತಿತ್ತ. ಅವನು ಶಿಲುಬೆಯ ಗುರುತು ಮಾಡಿಕೊಂಡು, ಅರ್ಧ ತುಂಬಿದ ಪೀಪಾಯಿಗಳನ್ನು ದಡದಲ್ಲೇ ಬಿಟ್ಟು ಕಾಲಿಗೆ ಬುದ್ಧಿ ಹೇಳಿದನಂತೆ. ನಮ್ಮವರಿಗೆ ಇದರಲ್ಲಿ ಹೆದರುವಂಥದ್ದೇನೂ ಕಾಣಲಿಲ್ಲ. ಉತ್ತರದಲ್ಲಿ ನಮಗೆ ಯಾರಿದ್ದಾರೆ? ಮನೆಗೆ ಬರುವವರಿಗೆ ಮನೆಯ ದಿಕ್ಕು ಗೊತ್ತಾದರೆ ಸಾಕು.

ಆ ಚಿಕ್ಕಮ್ಮ ತೀರಿಕೊಂಡ ದಿನ ಮುಳ್ಳು ಇನ್ನೊಬ್ಬರ ಕಡೆಗೆ ತಿರುಗಿತು, ಅವರ ನಂತರ ಮತ್ತೊಬ್ಬರ ಕಡೆಗೆ. ಯಾರನ್ನು ಯಾಕೆ ಆರಿಸುತ್ತದೆ ಎಂದು ಕೇಳುವ ಅಭ್ಯಾಸ ನಮ್ಮಲ್ಲಿಲ್ಲ. ನಾನು ಚಿಕ್ಕವನಿದ್ದಾಗ ಅದು ಅಂಗಡಿಯ ದೂಜಣ್ಣನ ಕಡೆಗಿತ್ತು. ಮನುಷ್ಯ ಒಳ್ಳೆಯವನೇ, ಆದರೆ ನಾಲಿಗೆಚಪಲ ಬಹಳ. ಬಂಗುಡೆ ತಂದುಕೊಡದವರಿಗೆಲ್ಲ, ನೀವು ಬರುವ ಹೊತ್ತಿಗೆ ಹಿತ್ತಲಾಚೆಯ ಗುಡ್ಡ ಹತ್ತಿ ಕೂತು ನಿಮ್ಮ ದೋಣಿಯನ್ನು ಬಂಡೆಗೆ ಹಾಯಿಸುತ್ತೇನೆ ಎಂದು ಹೆದರಿಸುತ್ತಿದ್ದ. ಪಾಪ, ಒಂದು ದಿನವೂ ಹಾಗೆ ಮಾಡಲಿಲ್ಲ. ಅವನು ಕಣ್ಣು ಮುಚ್ಚಿದ ಮಧ್ಯಾಹ್ನ ಸಮುದ್ರದಲ್ಲಿದ್ದ ಅಷ್ಟೂ ದೋಣಿಗಳ ಮುಳ್ಳುಗಳು ಗಿರ್ರನೆ ಒಂದು ಸುತ್ತು ಸುತ್ತಿ, ಅದೇ ಸಮುದ್ರದ ನಡುವೆ ಅಪ್ಪನ ದೋಣಿಯಲ್ಲಿ ಹುಟ್ಟು ಹಾಕುತ್ತ ಕೂತಿದ್ದ ಹತ್ತೊಂಬತ್ತರ ಹುಡುಗಿಯೊಬ್ಬಳ ಕಡೆಗೆ ನಿಂತವು. ಅವಳೇ ಗುಲಾಬಿ.

ಅವಳಪ್ಪ ಚೀಂಕ್ರಣ್ಣ ಕಂಪಾಸನ್ನೊಮ್ಮೆ ಮಗಳನ್ನೊಮ್ಮೆ ನೋಡಿದ. ದೋಣಿಯನ್ನು ದಡದ ಕಡೆ ತಿರುಗಿಸಿದ. "ಎಂತಕ್ಕೆ ಅಪ್ಪಯ್ಯ, ಇನ್ನೂ ಬಲೆಯೇ ಬಿಡ್ಲಿಲ್ಲೆ" ಎಂದು ಅವಳು ಕೇಳಿದಾಗ ಅವನ ಕಣ್ಣು ತುಂಬಿ ಬಂತಂತೆ. ಗಂಡುಮಕ್ಕಳಿಲ್ಲದ ಮನೆಯೆಂದು ಕರೆದುಕೊಂಡು ಹೋಗುತ್ತಿದ್ದ ಹುಡುಗಿ ಅವಳು. ನಾಲ್ಕು ಗಂಡುಮಕ್ಕಳ ಕೆಲಸ ಒಬ್ಬಳೇ ಮಾಡುತ್ತಿದ್ದಳು. ಸಮುದ್ರವೆಂದರೆ ಅವಳಿಗೆ ಪ್ರಾಣ. ಆ ದಿನ ದೋಣಿ ಇಳಿದವಳು ಮತ್ತೆ ಹತ್ತಲಿಲ್ಲ. ಹತ್ತಿದರೆ ಊರಿನ ದಿಕ್ಕೇ ನೀರಿನ ಮೇಲೆ ತೇಲಿಹೋದ ಹಾಗಲ್ಲವೇ?

ಅವಳಿಗಾಗಿ, ದೋಣಿಗಳು ಬಂದು ನಿಲ್ಲುವ ಧಕ್ಕೆಯ ಬೆನ್ನಿಗೇ ಒಂದು ಹೆಂಚಿನ ಮನೆ ಕಟ್ಟಿಸಿದೆವು. ಬೋಟುಗಳು ಹೊರಗಿರುವಷ್ಟು ಹೊತ್ತು ಅವಳು ಆ ಮನೆಯನ್ನೂ ಅಂಗಳವನ್ನೂ ಬಿಟ್ಟು ಹೋಗುವಂತಿಲ್ಲ. ಪ್ರತಿ ಬೋಟಿನಿಂದಲೂ ಮೊದಲ ಬುಟ್ಟಿಯ ಮೇಲಿನ ಮೀನು ಅವಳ ಮನೆಗೆ. ಮಳೆಗಾಲದಲ್ಲಿ ಸಮುದ್ರ ಕೆರಳಿ ಬೋಟುಗಳೆಲ್ಲ ದಡ ಹತ್ತಿದ ಮೇಲೆ ಮಾತ್ರ ಅವಳಿಗೆ ಊರು ಸುತ್ತುವ ಬಿಡುವು. ಆದ್ದರಿಂದಲೇ ನಮ್ಮಲ್ಲಿ ಮದುವೆಗಳೆಲ್ಲ ಆಷಾಢದಲ್ಲಿ ನಡೆಯುತ್ತವೆ. ಬೀಗರ ಕಡೆಯವರು ಆಷಾಢದಲ್ಲಿ ಮದುವೆಯೇ ಎಂದು ಮೂಗು ಮುರಿದರೆ, ನಮ್ಮ ದಿಕ್ಕಿಗೆ ಪುರಸೊತ್ತಿರುವುದು ಆಗಲೇ, ಗುಲಾಬಕ್ಕ ಬಂದು ಅಕ್ಷತೆ ಹಾಕದ ಮದುವೆ ನಮಗೆ ಮದುವೆಯೇ ಅಲ್ಲ ಎನ್ನುತ್ತೇವೆ. ಮಳೆಯಲ್ಲಿ ನೆಂದ ವಾಲಗದವರ ಶಾಪ ಮಾತ್ರ ನಮ್ಮ ಮೇಲೆ ಧಾರಾಳವಾಗಿದೆ.

ಇದರ ಇನ್ನೊಂದು ಮುಖ ನಮಗೆ ಹೊಳೆದಿದ್ದು ತಡವಾಗಿ. ಸಮುದ್ರ ಶಾಂತವಾಗಿದ್ದರೆ ಬೋಟುಗಳು ಹೊರಗಿರುತ್ತವೆ, ಅವಳು ಮನೆಯಲ್ಲಿರಬೇಕು. ಬೋಟುಗಳು ದಡದಲ್ಲಿದ್ದರೆ ಸಮುದ್ರ ಯಾರನ್ನೂ ಒಳಗೆ ಬಿಡುವುದಿಲ್ಲ. ಹೀಗಾಗಿ ಊರಿಗೆ ಬಂದವಳು ನೀರಿಗೆ ಬರದೇ ಇರುತ್ತಾಳೆಯೇ ಎಂಬ ಗಾದೆಯನ್ನು ನಮ್ಮ ಊರಿನಲ್ಲಿ ಮಾತ್ರ ಯಾರೂ ಹೇಳುವುದಿಲ್ಲ. ಅವಳ ಗಂಡ ಹೆರಿಯಣ್ಣನನ್ನು ಅವಳು ವರ್ಷಕ್ಕೊಮ್ಮೆಯಾದರೂ ಕೇಳುತ್ತಿದ್ದಳಂತೆ: "ಒಂದ್ಸಲ ಕರ್ಕಂಡ್ ಹೋಗಿ. ಊರ್ ಕಾಣದ್ ಹಾಂಗೆ ಆತ್ತಲ್ಲ, ಅಷ್ಟ್ ದೂರ ಸಾಕ್." ಹೆರಿಯಣ್ಣ ಒಳ್ಳೆಯ ಬೆಸ್ತ, ಒರಟು ಮಾತಿನವನು, ಹೆಂಡತಿಯ ಮೇಲೆ ಜೀವ ಇಟ್ಟವನು. "ಹೋಪ ಹೋಪ" ಎನ್ನುತ್ತಿದ್ದ. ಹೋಗಲಾಗದೆಂದು ಇಬ್ಬರಿಗೂ ಗೊತ್ತಿತ್ತು.

ಸಮುದ್ರಕ್ಕೆ ಹೋಗದಿದ್ದರೂ ಸಮುದ್ರಕ್ಕೆ ಹೋಗುವ ಒಂದೊಂದು ವಸ್ತುವೂ ಅವಳ ಕೈ ದಾಟಿಯೇ ಹೋಗುತ್ತಿತ್ತು. ಬೋಟಿಗೆ ಯಾವ ಹೊಸ ಯಂತ್ರ ಬಂದರೂ ಮೊದಲು ಒಂದು ದಿನ ಅದು ಗುಲಾಬಕ್ಕನ ಜಗಲಿಯಲ್ಲಿರಬೇಕು ಎಂಬುದು ನಮ್ಮ ಪದ್ಧತಿ. ನಮ್ಮಪ್ಪನ ಕಾಲದಲ್ಲಿ ಹಾಯಿಬಟ್ಟೆ ಬದಲಾಯಿಸಿದರೆ ಅದನ್ನು ಅವಳ ಅಂಗಳದಲ್ಲಿ ಹರಡಿ ಹೊಲಿಯುತ್ತಿದ್ದರು. ನನ್ನ ಕಾಲಕ್ಕೆ ದೋಣಿಯ ಹಿಂದೆ ನೇತುಹಾಕುವ ಸೀಮೆಎಣ್ಣೆ ಎಂಜಿನ್ ಬಂತು. ಅವಳು ಅದರ ಹಗ್ಗ ಎಳೆದು, ಅದು ಗುರ್ ಎಂದಾಗ ಮೂರು ಹೆಜ್ಜೆ ಹಿಂದೆ ಹಾರಿ, ಆಮೇಲೆ ಮತ್ತೆ ಎಳೆದಳು. ಡೀಸೆಲ್ ಬೋಟು ಬಂತು, ಮೀನಿನ ಗುಂಪು ತೋರಿಸುವ ಯಂತ್ರ ಬಂತು. ವಯರ್‌ಲೆಸ್ ಬಂದ ದಿನವಂತೂ ಅವಳು ಜಗಲಿ ಬಿಟ್ಟು ಏಳಲಿಲ್ಲ. ಆಚೆ ತುದಿಯಲ್ಲಿ ನಾನಿದ್ದೆ. "ಶೀನ, ಅಲ್ಲ್ ಈಗ ನೀರ್ ಎಂತ ಬಣ್ಣ?" ಎಂದು ಕೇಳಿದಳು. ಹಸಿರು ಮುಗಿದು ನೀಲಿ ಶುರುವಾಗಿದೆ ಎಂದೆ. "ನೀಲಿ ಅಂದ್ರೆ ಯಾವ್ ನೀಲಿ? ಸರೀ ಹೇಳ್" ಎಂದು ಗದರಿದಳು. ಗಂಡಸರಿಗೆ ಎರಡೇ ನೀಲಿ ಗೊತ್ತಿರುವುದು, ನಾನು ತಡವರಿಸಿದೆ.

ಹೀಗಿರುವಾಗ ಬಂತು ಪರದೆಯ ಯಂತ್ರ. ಧಕ್ಕೆಯಲ್ಲಿ ವಯರ್‌ಲೆಸ್ ಕೋಣೆ ನೋಡಿಕೊಂಡು, ಬೋಟುಗಳ ಯಂತ್ರಗಳನ್ನೂ ರಿಪೇರಿ ಮಾಡುವ ಪಾಸ್ಕಲ್ ಅದನ್ನು ತಂದ. ಜಿಪಿಎಸ್ ಎಂದು ಅದರ ಹೆಸರು. ಅದನ್ನು ಅವಳ ಜಗಲಿಯಲ್ಲಿಟ್ಟು ಬಟನ್ ಒತ್ತಿದ. ಊರು, ಧಕ್ಕೆ, ಬಂಡೆಗಳು, ಹೊಳೆ ಸಮುದ್ರ ಸೇರುವ ಅಳಿವೆಯ ಬಾಯಿ ಎಲ್ಲ ಬಣ್ಣಬಣ್ಣದ ಗೆರೆಗಳಲ್ಲಿ ಮೂಡಿದವು. ಗುಲಾಬಕ್ಕ ಎದ್ದು ಬಾವಿಕಟ್ಟೆಗೆ ಹೋಗಿ ಬಂದಳು. ಪರದೆಯಲ್ಲಿ ಏನೂ ಅಲುಗಲಿಲ್ಲ. ಅಡುಗೆಮನೆಗೆ ಹೋಗಿ ಬಂದಳು. ಅಲುಗಲಿಲ್ಲ.

"ಇದ್ ನನ್ನ ತೋರ್ಸುದಿಲ್ವಾ ಪಾಸ್ಕಲ್?"

"ಇಲ್ಲಕ್ಕ. ಇದ್ಕೆ ಮುಳ್ಳೇ ಇಲ್ಲೆ. ಆಕಾಶದಲ್ಲ್ ಉಪಗ್ರಹ ಉಂಟಲ್ಲ, ಅದ್ ಹೇಳಿದ್ ಹಾಂಗೆ ಕೇಳ್ತ್."

ಅವಳಿಗೆ ಬೇಸರವಾಯಿತೇನೋ ಎಂದು ಪಾಸ್ಕಲನೂ ಅಲ್ಲೇ ಇದ್ದ ನಾನೂ ಮುಖ ಮುಖ ನೋಡಿಕೊಂಡೆವು. ಅವಳು ಪರದೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದಳು. ಆಮೇಲೆ ತಲೆ ಎತ್ತಿದಾಗ ಆ ಮುಖದಲ್ಲಿದ್ದದ್ದನ್ನು ಹೇಗೆ ಹೇಳಲಿ, ಅರವತ್ತು ದಾಟಿದ ಹೆಂಗಸು ಮದುವೆ ಗೊತ್ತಾದ ಹುಡುಗಿಯ ಹಾಗೆ ಕೆಂಪಾಗಿದ್ದಳು. "ಹಾಂಗಾರೆ ನಾನ್ ಇಲ್ಲಿ ಇಲ್ದಿರೂ ನೀವೆಲ್ಲ ಮನೆಗ್ ಬಪ್ಪುಕ್ ಆತ್ತ್ ಅಲ್ದಾ?" ಎಂದಳು. ಇಷ್ಟು ವರ್ಷ ಬಾಯಿಬಿಟ್ಟು ಕೇಳದೆ ಇದಕ್ಕೇ ಕಾದಿದ್ದಳೆಂದು ಆಗ ತಿಳಿಯಿತು.

ಆ ವರ್ಷ ಬೋಟಿನವರೆಲ್ಲ ಪರದೆ ಹಾಕಿಸಿಕೊಂಡರು. ಮುಳ್ಳನ್ನು ನೋಡದೆ ಪರದೆಯನ್ನೇ ನೋಡಿ ಹೋಗಿ ಬಂದು ಪರೀಕ್ಷೆಯೂ ಆಯಿತು. ಆಮೇಲೆ ಮೀನುಗಾರರ ಸಂಘದ ಸಭೆಯಲ್ಲಿ ನಾನೇ ಎದ್ದು ನಿಂತೆ. ಗುಲಾಬಕ್ಕನನ್ನು ಒಂದು ದಿನ ಸಮುದ್ರಕ್ಕೆ ಕರೆದುಕೊಂಡು ಹೋಗುತ್ತೇನೆ, ಆ ದಿನ ಎಲ್ಲರೂ ಪರದೆ ನೋಡಿಕೊಂಡು ಬರಬೇಕು ಎಂದೆ. ಒಬ್ಬರಾದರೂ ತಕರಾರು ಎತ್ತುತ್ತಾರೆಂದು ಹೆದರಿದ್ದೆ. ಎಲ್ಲರೂ ಕೈ ಎತ್ತಿದರು. ಎರಡು ಕೈ ಎತ್ತಿದವರೂ ಇದ್ದರು. ತಕರಾರು ಬಂದದ್ದು ಮನೆಯಿಂದಲೇ. "ದೂರದ ಬೆಟ್ಟ ನುಣ್ಣಗೆ, ಹೆಣ್ಣೆ. ಅಲ್ಲ್ ಎಂತ ಉಂಟ್? ಬರೇ ನೀರ್" ಎಂದ ಹೆರಿಯಣ್ಣ. "ಆ ಬರೇ ನೀರೇ ನಂಗೆ ಕಾಣ್ಕ್" ಎಂದಳು ಅವಳು. ಅವನು ಗೊಣಗುತ್ತ ಬೀಡಿ ಹಚ್ಚಿದ. ನಮ್ಮ ಬೋಟಿಗೆ ಬಾ ಎಂದು ಅವನನ್ನೂ ಕರೆದೆ. ಡೀಸೆಲ್ ವಾಸನೆಗೆ ತಲೆ ತಿರುಗುತ್ತದೆ ಎಂದು ನೆಪ ಹೇಳಿದ. ಊಟ ಮುಗಿಸಿ ಹೊರಡುವುದು, ಸಂಜೆಯೊಳಗೆ ಬರುವುದು, ಹೆರಿಯಣ್ಣ ಧಕ್ಕೆಗೆ ಬಂದು ಕಳಿಸಿಕೊಡುವುದು ಎಂದು ತೀರ್ಮಾನವಾಯಿತು.

ಮಾಘದ ಕೊನೆಯ ದಿನಗಳು. ಬೆಳಗಾಗೆದ್ದು ನೋಡಿದರೆ ಸಮುದ್ರದ ಮೇಲೆ ಮಂಜು ಹಾಸಿಕೊಂಡು ಮಲಗಿತ್ತು. ಅಷ್ಟರಲ್ಲಿ ಪಾಸ್ಕಲ್ ಓಡಿ ಬಂದ. ಮಧ್ಯಾಹ್ನದ ಮೇಲೆ ಗಾಳಿ ಏಳುತ್ತದೆಂದು ಮೊಬೈಲಿನಲ್ಲಿ ಹವಾಮಾನದ ಸುದ್ದಿ ಬಂದಿದೆ, ಈಗಲೇ ಹೋಗಿ ಬೇಗ ಬಂದುಬಿಡಿ ಎಂದ. ಆಗಲೇ ಹೊರಗಿದ್ದ ಬೋಟುಗಳಿಗೆಲ್ಲ ವಯರ್‌ಲೆಸ್‌ನಲ್ಲಿ ಹೇಳಿದ್ದೂ ಆಯಿತು: ಗುಲಾಬಕ್ಕ ಹೊರಡುತ್ತಿದ್ದಾಳೆ, ಮುಳ್ಳನ್ನು ನಂಬಬೇಡಿ, ಪರದೆ ನೋಡಿ. ಒಬ್ಬೊಬ್ಬರೂ "ಆಯ್ತ್" ಎಂದರು. ಗುಲಾಬಕ್ಕ ಹೊಸ ಸೀರೆ ಉಟ್ಟು, ತಲೆಗೆ ಅಬ್ಬಲಿಗೆ ಮುಡಿದು ಧಕ್ಕೆಗೆ ಬಂದಳು. ಹೆರಿಯಣ್ಣ ಎಲ್ಲಿ ಎಂದು ಕೇಳಿದೆ. "ನಾನ್ ಏಳೂಕೆ ಮುಂಚೆಯೇ ಎದ್ದ್ ಹೋಯ್ರ್. ಮುನಿಸ್ ಇರ್ಕ್. ಬಲೆ ಶೆಡ್ಡಲ್ಲಿ ಬೀಡಿ ಎಳ್ಕಂಡ್ ಕೂತಿರ್ತ್ರ್" ಎಂದಳು. ದನಿಯಲ್ಲಿ ನೋವಿತ್ತು. ಕರೆಸೋಣವೇ ಎಂದೆ. ಬೇಡವೆಂದು ತಲೆಯಾಡಿಸಿ, ನನ್ನ ಕೈ ಹಿಡಿದು ಬೋಟಿನೊಳಗೆ ಕಾಲಿಟ್ಟಳು.

ಅವಳು ಕಾಲಿಟ್ಟದ್ದೇ ಚುಕ್ಕಾಣಿಯ ಹತ್ತಿರದ ಹಳೇ ಕಂಪಾಸಿನ ಮುಳ್ಳು ಎರಡು ಸುತ್ತು ಸುತ್ತಿ ಅವಳ ಕಡೆ ನಿಂತಿತು. ಅವಳು ಮುಂದೆ ಹೋದರೆ ಮುಂದೆ, ಎಡಕ್ಕೆ ಬಂದರೆ ಎಡಕ್ಕೆ. ನಮ್ಮ ಬೋಟಿನ ನಾಲ್ವರೂ ಅದನ್ನು ನೋಡಿ ನಕ್ಕರು. ಅವಳು ನಗಲಿಲ್ಲ, ಬೋಟಿನ ಮೂತಿಯಲ್ಲಿ ಹಗ್ಗದ ಸುರುಳಿಯ ಮೇಲೆ ಕೂತು, ಎರಡೂ ಕೈ ಬೋಟಿನ ಅಂಚಿನ ಮೇಲಿಟ್ಟು ಮುಂದೆ ನೋಡುತ್ತಿದ್ದಳು. ಅಳಿವೆ ದಾಟಿ ಮೊದಲ ಅಲೆ ಬೋಟನ್ನು ಎತ್ತಿದಾಗ ಅವಳ ಬಾಯಿಂದ "ಅಯ್ಯಬ್ಬಾ" ಎಂದು ಬಂದದ್ದು ಇಂದಿಗೂ ನನ್ನ ಕಿವಿಯಲ್ಲಿದೆ. ನಾನು ಪರದೆ ನೋಡುತ್ತ ನಡೆಸಿದೆ. ಹಿಂದೆ ಧಕ್ಕೆ ಮಾಯವಾಯಿತು, ತೆಂಗಿನ ತಲೆಗಳು ಮಾಯವಾದವು, ಗುಡ್ಡವನ್ನೂ ಮಂಜು ನುಂಗಿತು. ಅವಳು ತಿರುಗಿ ನೋಡಿದಳು. ಊರಿಲ್ಲ. ಸುತ್ತ ಬರೇ ನೀರು. ಸೆರಗಿನಿಂದ ಮುಖ ಒರೆಸಿಕೊಂಡಳು. ಅದು ಉಪ್ಪುನೀರೋ ಕಣ್ಣೀರೋ ನಾನು ಕೇಳಲಿಲ್ಲ, ನನಗೂ ಒರೆಸಿಕೊಳ್ಳುವುದಿತ್ತು.

ಸ್ವಲ್ಪ ಹೊತ್ತು ಹಾಗೇ ಹೋಗಿರಬೇಕು, ವಯರ್‌ಲೆಸ್ ಕೆಮ್ಮಿತು. ಪಾಸ್ಕಲ್‌ನ ದನಿ.

"ಶೀನಣ್ಣ, ಹೆರಿಯಣ್ಣನ ಪಾತಿ ಶೆಡ್ಡಲ್ಲಿ ಇಲ್ಲೆ. ಮೊಳೆಗೆ ಸಿಕ್ಕಿಸಿದ್ದ ಅವ್ನ್ ಕಂಪಾಸಿನ ಪೆಟ್ಟಿಗೆಯೂ ಇಲ್ಲೆ. ಬೆಳಕ್ ಹರಿಯೂಕೆ ಮುಂಚೆ ಅವ ನೀರಿಗ್ ಇಳ್ದದ್ದ್ ಕಂಡವ್ರ್ ಇದ್ರ್."

ಪಾತಿಯೆಂದರೆ ಒಬ್ಬನೇ ಕೂತು ಒಂದೇ ಹುಟ್ಟಿನಿಂದ ನಡೆಸುವ ಸಣ್ಣ ಮರದ ದೋಣಿ. ಹೆರಿಯಣ್ಣ ದೊಡ್ಡ ಬೋಟು ಬಿಟ್ಟ ಮೇಲೆ ಬೇಜಾರು ಕಳೆಯಲು ಆಗೀಗ ಅದರಲ್ಲಿ ಬಂಡೆಗಳವರೆಗೆ ಹೋಗಿ ಗಾಳ ಹಾಕಿ ಬರುತ್ತಿದ್ದ. ಬೋಟುಗಳನ್ನೆಲ್ಲ ಲೆಕ್ಕ ಹಿಡಿದ ನಾವು ಅದನ್ನು ಬೋಟು ಎಂದೇ ಎಣಿಸಿರಲಿಲ್ಲ. ಅವನ ಹತ್ತಿರ ಪರದೆಯಿಲ್ಲ, ವಯರ್‌ಲೆಸ್ ಇಲ್ಲ, ಮೊಬೈಲೂ ಇಲ್ಲ. ಇದ್ದದ್ದು ಮುಳ್ಳೊಂದೇ. ನಾವು ಊಟ ಮುಗಿಸಿ ಹೊರಡುವವರು ಎಂದು ತಿಳಿದಿದ್ದ ಅವನು, ಈಗ ಈ ಮಂಜಿನಲ್ಲಿ ಮುಳ್ಳು ನೋಡಿಕೊಂಡು ಮನೆಗೆ ಹೊರಟಿರುತ್ತಾನೆ. ಮನೆ ನಮ್ಮ ಬೋಟಿನ ಮೂತಿಯಲ್ಲಿ ಕೂತು ದೂರ ದೂರ ಹೋಗುತ್ತಿತ್ತು. ಮಧ್ಯಾಹ್ನಕ್ಕೆ ಗಾಳಿ ಬೇರೆ.

ಗುಲಾಬಕ್ಕನಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಎದ್ದು ಬಂದು ನನ್ನ ಪಕ್ಕ ನಿಂತಿದ್ದಳು. ನಾನು ಬೋಟನ್ನು ದಡದ ಕಡೆ ತಿರುಗಿಸಲು ಹೋದೆ.

"ಎಂತ ಮಾಡ್ತೆ ಶೀನ?"

"ಹಿಂದೆ ಹೋಪ ಅಕ್ಕ. ನೀನ್ ಮನೆ ಮುಟ್ಟಿದ್ರೆ ಮುಳ್ಳೂ ಮನೆ ಕಡೆ ತಿರುಗ್ತಲ್ಲ, ಅವ್ನೂ ತಿರುಗ್ತ."

"ಅವ್ರ್ ಬೆಳಗ್ಗೆಯಿಂದ ನನ್ ಹಿಂದೆ ಬತ್ತಿದ್ರ್. ಈಗ ದಡಕ್ಕಿಂತ ನಮ್ಗೇ ಹತ್ರ ಇರ್ತ್ರ್. ಅಲ್ಲಿಂದ ಮತ್ತೆ ಅಷ್ಟೂ ದೂರ ಹುಟ್ಟ್ ಹಾಕೂಕೆ ಅವ್ರ್ ರಟ್ಟೆಲಿ ಎಂತ ಉಂಟ್? ಗಾಳಿ ಬತ್ತ್."

"ಹಾಂಗಾರೆ ಹುಡ್ಕುವ."

"ಈ ಮಂಜಲ್ಲಿ ಎಲ್ಲಿ ಅಂದೇಳಿ ಹುಡ್ಕ್ತೆ? ನಾವ್ ಅತ್ತಿತ್ತ ಹೋದಾಂಗೆ ಅವ್ರ್ ಮುಳ್ಳೂ ಅತ್ತಿತ್ತ ಆತ್ತ್. ಎಂಜಿನ್ ನಿಲ್ಸ್. ಲಂಗರ್ ಹಾಕ್."

ನಾನು ಪರದೆಯನ್ನು ನೋಡಿದೆ. ನಾವೆಲ್ಲಿದ್ದೇವೆ, ಊರೆಲ್ಲಿದೆ, ಬಂಡೆಯೆಲ್ಲಿದೆ ಎಲ್ಲವನ್ನೂ ಅದು ಚೊಕ್ಕವಾಗಿ ತೋರಿಸುತ್ತಿತ್ತು. ಒಂದು ಮರದ ಪಾತಿಯಲ್ಲಿ ಕೂತ ಮುದುಕ ಎಲ್ಲಿದ್ದಾನೆ ಎಂಬುದು ಮಾತ್ರ ಅದರಲ್ಲಿರಲಿಲ್ಲ. ತಪ್ಪು ಅದರದ್ದಲ್ಲ. ಎಂಜಿನ್ ನಿಲ್ಲಿಸಿದೆ. ಲಂಗರಿನ ಸರಪಳಿ ಗಡಗಡನೆ ಇಳಿಯಿತು. ಗುಲಾಬಕ್ಕ ಮತ್ತೆ ಮೂತಿಗೆ ಹೋಗಿ ಆ ಹಗ್ಗದ ಸುರುಳಿಯ ಮೇಲೆ, ಈ ಸಲ ದಡದ ಕಡೆ ಮುಖ ಮಾಡಿ ಕೂತಳು.

"ಅಲ್ಲಿ ಚಳಿ ಅಕ್ಕ, ಒಳಗೆ ಬಾ."

"ನನ್ ಕೆಲ್ಸ ಇದೊಂದೇ ಅಲ್ದಾ ಶೀನ, ಕೂಕಂಬುದ್. ಕೂಕಂತೆ."

ನಾನು ಬಿರುಗಾಳಿ ಕಂಡಿದ್ದೇನೆ, ಬೋಟು ಒಡೆದು ಹಲಗೆ ಹಿಡಿದು ಈಜಿದ್ದೇನೆ. ಆ ಹೊತ್ತಿನಷ್ಟು ಉದ್ದದ ಹೊತ್ತನ್ನು ಕಂಡಿಲ್ಲ. ಆಗಾಗ ಹಾರನ್ ಒತ್ತುತ್ತಿದ್ದೆವು; ಮಂಜು ಅದನ್ನು ಹತ್ತಿಯ ಹಾಗೆ ಹೀರಿಬಿಡುತ್ತಿತ್ತು. ಒಬ್ಬ ಚಹಾ ತಂದಿಟ್ಟ, ಅದು ಅವಳ ಪಕ್ಕದಲ್ಲೇ ತಣ್ಣಗಾಯಿತು. ಅವಳು ಕೈ ಕೂಡ ಅಲ್ಲಾಡಿಸಲಿಲ್ಲ. ಅಲ್ಲಾಡಿದರೆ ಮುಳ್ಳೂ ಅಲ್ಲಾಡೀತು ಎಂಬ ಹೆದರಿಕೆ ಇರಬೇಕು. ಆಸೆಪಟ್ಟು ಪಟ್ಟು ಒಂದು ದಿನ ಹೊರಗೆ ಬಂದವಳು ಇಲ್ಲೂ ಕಾಯುತ್ತ ಕೂರಬೇಕಾಯಿತಲ್ಲ ಎಂದು ನನಗೆ ಸಂಕಟ. ಹೆರಿಯಣ್ಣ ಬಾರದೆ ಹೋದರೆ ಈ ಮುಖವನ್ನು ಮತ್ತೆ ನೋಡುವುದು ಹೇಗೆ ಎಂದು ಅದಕ್ಕಿಂತ ದೊಡ್ಡ ಸಂಕಟ. ಸೂರ್ಯ ಬಿಳಿ ತಟ್ಟೆಯಂತೆ ಮಂಜಿನ ಹಿಂದೆ ಮೇಲೇರುತ್ತಿದ್ದ. ಬೆನ್ನಿಗೆ ಮೊದಲ ಸಣ್ಣ ಗಾಳಿ ಸೋಕಿತು.

ಆಗ ಚಳಕ್ ಎಂದಿತು. ಮತ್ತೊಮ್ಮೆ ಚಳಕ್. ಹುಟ್ಟು ನೀರಿಗೆ ಬೀಳುವ ಸದ್ದು. ನಾನು ಕೂಗಲು ಬಾಯಿ ತೆರೆದೆ. ಗುಲಾಬಕ್ಕ ಹಿಂದೆ ತಿರುಗದೆಯೇ, ಅವನ ಗಮನ ಮುಳ್ಳಿನಿಂದ ತಪ್ಪಬಾರದೆಂಬಂತೆ, ಕೈ ಎತ್ತಿ ತಡೆದಳು.

ಮಂಜಿನೊಳಗಿಂದ ಪಾತಿಯ ಮೂಗು ಬಂತು, ಆಮೇಲೆ ಹೆರಿಯಣ್ಣ. ಅವನು ತಲೆ ಎತ್ತಿರಲಿಲ್ಲ. ಕಂಪಾಸಿನ ಪೆಟ್ಟಿಗೆಯನ್ನು ಎರಡು ಪಾದಗಳ ನಡುವೆ ಒತ್ತಿ ಹಿಡಿದುಕೊಂಡಿದ್ದ. ಕಣ್ಣು ಅದರ ಮೇಲೆಯೇ. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಒಂದೊಂದು ಸಲ ಹುಟ್ಟು ಹಾಕುವಾಗಲೂ ತುಟಿ ಅಲುಗುತ್ತಿತ್ತು. ಹತ್ತಿರ ಬಂದಾಗ ಕೇಳಿತು, ಅವನು ಹೇಳುತ್ತಿದ್ದದ್ದು ಹೆಂಡತಿಯ ಹೆಸರು. ಬೆಂಕಿ ಕೆಡದಂತೆ ಊದುವವರ ಹಾಗೆ ಆ ಮುಳ್ಳಿನ ಮೇಲೆ ಬಗ್ಗಿ ಗುಲಾಬಿ, ಗುಲಾಬಿ ಎನ್ನುತ್ತಿದ್ದ. ಪಾತಿ ನಮ್ಮ ಬೋಟಿಗೆ ಢಕ್ಕೆಂದು ಬಡಿದಾಗಲೇ ಅವನು ತಲೆ ಎತ್ತಿದ್ದು. ಬೋಟು ನೋಡಿದ, ನನ್ನನ್ನು ನೋಡಿದ, ಹೆಂಡತಿಯನ್ನು ನೋಡಿದ, ಸುತ್ತಲೂ ನೋಡಿದ.

"ಮನೆ ಎಲ್ಲಿ?" ಎಂದ.

ಹುಟ್ಟನ್ನು ಪಾತಿಯೊಳಗೆ ಎಳೆದಿಟ್ಟು ಮತ್ತೆ ಕೇಳಿದ.

"ಮನೆ ಎಲ್ಲಿಟ್ಕಂಡಿದ್ದೆ ಹೆಣ್ಣೆ? ಹುಟ್ಟ್ ಹಾಕಿ ಹಾಕಿ ರಟ್ಟೆ ಬಿದ್ದ್ ಹೋಯ್ತ್. ಮನೆಗ್ ಹೋಪತಿಗೆ ಎದ್ರಿಗ್ ಇರ್ಕಾದ ಸೂರ್ಯ ಬೆನ್ನಿಗೆ ಬಂದ. ಇವತ್ತ್ ಸೂರ್ಯನಿಗೇ ದಾರಿ ತಪ್ಪಿತ್ ಅಂದ್ಕಂಡೆ."

ನಮ್ಮ ಬೋಟಿನವರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಚುಕ್ಕಾಣಿಗೆ ಒರಗಿ ಕೂತು ನಕ್ಕೆ. ಸೂರ್ಯನನ್ನೇ ಸುಳ್ಳು ಮಾಡಿ ಹೆಂಡತಿಯನ್ನು ನಂಬಿದ ಗಂಡಸನ್ನು ಇನ್ನೆಲ್ಲಿ ನೋಡಲಿ? ಗುಲಾಬಕ್ಕ ಮಾತ್ರ ಹಗ್ಗದ ಏಣಿ ಹಿಡಿದು, ಹೊಸ ಸೀರೆಯ ಪರಿವೆಯೂ ಇಲ್ಲದೆ ಪಾತಿಗೆ ಇಳಿದಳು. ಅವನ ಎದುರು ಕೂತು, ಸೆರಗಿನಿಂದ ಅವನ ಮುಖದ ಬೆವರು ಒರೆಸಿದಳು. ಅಳುತ್ತಿದ್ದಳು.

"ಹೀಂಗೆ ಬತ್ತಿದ್ರ್ಯಾ ನೀವ್?" ಎಂದಳು.

"ಹ್ಯಾಂಗೆ?"

"ಹೀಂಗೆ. ನನ್ ಹೆಸ್ರ್ ಹೇಳ್ಕಂಡ್, ಕಣ್ಣ್ ಮಿಟುಕ್ಸದೆ." ಅವಳು ತಲೆ ಎತ್ತಿ ನಮ್ಮನ್ನೆಲ್ಲ ನೋಡಿದಳು. "ನೀವೂ ಹೀಂಗೇ ಬಪ್ಪುದಾ ಶೀನ? ಎಲ್ಲರೂ ಹೀಂಗೇ ಬಪ್ಪುದಾ?"

ನಾವು ತಲೆಯಾಡಿಸಿದೆವು. ಎಲ್ಲರೂ ಹಾಗೇ ಬರುವುದು.

"ನಾನ್ ಅಲ್ಲಿ ಜಗಲಿ ಮೇಲೆ ಗೋಡೆ ಕಾಂತಾ ಕೂಕಂತಿದ್ದೆ. ನನ್ನ ಕಟ್ಟಿ ಹಾಕಿದ್ರ್ ಅಂದೇ ಅಂದ್ಕಂಡಿದ್ದೆ. ಆ ಬದಿಯಿಂದ ನಿಮ್ ಮುಖ ಹೀಂಗ್ ಇರ್ತ್ ಅಂದ್ ನಂಗೆ ಗೊತ್ತೇ ಇರ್ಲಿಲ್ಲೆ." ಸೆರಗಿನಿಂದ ತನ್ನ ಕಣ್ಣನ್ನೂ ಒರೆಸಿಕೊಂಡು ಹೇಳಿದಳು: "ಇಷ್ಟೆಲ್ಲ ಮಂದಿ ನನ್ನ ಹುಡುಕ್ಕಂಡ್ ಬಂದ್ರಲ್ಲ. ಎಷ್ಟ್ ಪುಣ್ಯ ಮಾಡಿದ್ದೆ ನಾನ್."

ಹೆರಿಯಣ್ಣನಿಗೆ ಎಲ್ಲಿ ನೋಡಬೇಕೆಂದು ತಿಳಿಯದೆ, ಪಾತಿಯ ತಳದಲ್ಲಿ ಒದ್ದೆ ಗೋಣಿ ಮುಚ್ಚಿಟ್ಟಿದ್ದ ಬುಟ್ಟಿಯನ್ನು ಅವಳ ಮುಂದೆ ಸರಿಸಿದ. ಒಳಗೆ ಬೆಳ್ಳಗೆ ಹೊಳೆಯುವ ಕಾಣೆ ಮೀನುಗಳು. "ನೀನ್ ಸಂಜಿಗೆ ಬಪ್ಪತಿಗೆ ಹುರ್ದ್ ಇಡುವ ಅಂದೇಳಿ ಹೋದ್ದ್" ಎಂದು ಗೊಣಗಿದ. ಅದಕ್ಕೇ ಬೆಳಕು ಹರಿಯುವ ಮುಂಚೆ ಎದ್ದು ಹೋದವನು. ಮುನಿಸೂ ಇಲ್ಲ ಎಂತದೂ ಇಲ್ಲ.

ಬೋಟಿಗೆ ಬಾ ಎಂದರೆ ಮುದುಕ ಪಾತಿ ಬಿಟ್ಟು ಬರಲು ಒಪ್ಪಲಿಲ್ಲ. ಅವನನ್ನು ಬಿಟ್ಟು ಬರಲು ಅವಳು ಒಪ್ಪಲಿಲ್ಲ. ಪಾತಿಯನ್ನು ನಮ್ಮ ಬೋಟಿನ ಹಿಂದೆ ದಪ್ಪ ಹಗ್ಗದಿಂದ ಕಟ್ಟಿಕೊಂಡು, ಗಾಳಿ ಬಲಿಯುವ ಮುಂಚೆ ದಡ ಸೇರೋಣವೆಂದು ಮೆಲ್ಲಗೆ ಹೊರಟೆವು. ಮುಂದೆ ಪರದೆ ದಾರಿ ತೋರಿಸುತ್ತಿತ್ತು. ಒಳ್ಳೆಯ ಯಂತ್ರ, ಸುಳ್ಳು ಹೇಳಬಾರದು. ಆ ದಿನ ಅದಿಲ್ಲದಿದ್ದರೆ ದಿಕ್ಕನ್ನೇ ಬೆನ್ನಿಗೆ ಕಟ್ಟಿಕೊಂಡ ನಾವು ಯಾವ ದಿಕ್ಕಿಗೆ ಹೋಗಬೇಕಿತ್ತು? ಮನಸ್ಸಿನಲ್ಲೇ ಅದಕ್ಕೂ, ಅದನ್ನು ತಂದ ಪಾಸ್ಕಲ್‌ನಿಗೂ, ಆಕಾಶದಲ್ಲಿ ಕಾಣದ ಆ ಉಪಗ್ರಹಕ್ಕೂ ಒಂದು ನಮಸ್ಕಾರ ಹಾಕಿದೆ. ಹಾಗೆ ಹಾಕುತ್ತ ಕಣ್ಣು ಹಳೇ ಕಂಪಾಸಿನ ಮೇಲೆ ಬಿತ್ತು. ಮುಳ್ಳು ನೇರ ಹಿಂದಕ್ಕೆ ತಿರುಗಿ ನಿಂತಿತ್ತು.

ಇಷ್ಟು ವರ್ಷ ನಾನು ಆ ಮುಳ್ಳನ್ನೇ ನೋಡಿದವನು. ಅದರ ತುದಿ ಹಿಡಿದು ಆಚೆಗೆ, ಅದು ತೋರಿಸುವ ಹೆಂಗಸಿನವರೆಗೆ ಕಣ್ಣು ಹಾಯಿಸಿರಲಿಲ್ಲ. ಆಗ ಹಾಯಿಸಿದೆ. ಹಗ್ಗದ ಆಚೆ ತುದಿಯಲ್ಲಿ, ಹಾರುವ ನೀರಿನ ಹನಿಗಳ ನಡುವೆ, ಅವಳು ಗಂಡನ ತಲೆಗೆ ತನ್ನ ಸೆರಗು ಹೊದಿಸಿ ಕೂತಿದ್ದಳು. ಮೀನು ಕೊಟ್ಟಿದ್ದೇವೆ, ಮನೆ ಕಟ್ಟಿಸಿದ್ದೇವೆ, ಆಷಾಢದಲ್ಲಿ ಮದುವೆ ಇಟ್ಟುಕೊಂಡಿದ್ದೇವೆ. ಒಂದು ಮಾತು ಮಾತ್ರ ನಮ್ಮ ಊರಿನ ಯಾವ ಗಂಡಸೂ ಅವಳಿಗೆ ಹೇಳಿರಲಿಲ್ಲ. ನಾನು ಹೇಳಿದೆ. ಎಂಜಿನಿನ ಗದ್ದಲದಲ್ಲಿ ಅವಳಿಗೆ ಕೇಳಲಿಲ್ಲ. "ಎಂತ ಅಂದೆ ಶೀನ? ಕೇಂತಿಲ್ಲೆ!" ಎಂದು ಕಿವಿಗೆ ಕೈ ಹಿಡಿದಳು.

ಗಾಳಿ ಬಂದರೆ ಬರಲಿ ಎಂದು ಎಂಜಿನ್ ನಿಲ್ಲಿಸಿದೆ. ಸಮುದ್ರ ಸುಮ್ಮನಾಯಿತು. ನನ್ನ ಹಿಂದೆ ನಮ್ಮ ನಾಲ್ವರೂ ತಲೆಗೆ ಸುತ್ತಿದ ತುಂಡುಬಟ್ಟೆ ತೆಗೆದು ಎದ್ದು ನಿಂತರು.

"ನಮ್ಮನ್ನೆಲ್ಲ ದಿನಾ ಮನೆಗ್ ಮುಟ್ಸಿದ್ಯಲ್ಲ ಅಕ್ಕ," ಎಂದೆ, "ನಿನ್ ಋಣ ತೀರ್ಸೂಕೆ ಆತ್ತಿಲ್ಲೆ. ನೀನ್ ಚೆಂದಾಗಿರ್ಕ್."

ಗುಲಾಬಕ್ಕ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಆಮೇಲೆ ನಾಚಿಕೆಯಾಗಿ ಬುಟ್ಟಿಯ ಮೇಲಿನ ಗೋಣಿ ಸರಿಮಾಡುತ್ತ, ಮೂಗು ಸೀಟಿಕೊಂಡು ಗದರಿದಳು:

"ಆಯ್ತ್, ಆಯ್ತ್. ಎಂಜಿನ್ ಹಾಕ್ ಮರಾಯ. ಮೀನ್ ಹಾಳಾತ್ತ್."